ಬೀಟಾ 100 ಎಂದಿಟ್ಟುಕೊಂಡರೆ

‘ಬೀಟಾ 100 ಎಂದಿಟ್ಟುಕೊಂಡು ಈ ಆಂಪ್ಲಿಫೈಯರ್‌ನ ಆಪರೇಟಿಂಗ್ ಪಾಯಿಂಟ್ ಕಂಡುಹಿಡಿಯಿರಿ.’ ಎಲೆಕ್ಟ್ರಾನಿಕ್ಸ್ ಓದಿದವರೆಲ್ಲ ಬಿಡಿಸಿರುವ ಈ ಬಗೆಯ ಲೆಕ್ಕದ ಮೇಲೆ ನನ್ನದೊಂದು ತಕರಾರಿದೆ. ಬಿಂದು ಎಲ್ಲಿದೆ ಎಂದು ಅದು ಕೇಳುತ್ತದೆ. ಅಲ್ಲೇ ನಿಲ್ಲುತ್ತದೆಯೇ ಎಂದು ಕೇಳುವುದಿಲ್ಲ.

ಅಂಗಡಿಯಲ್ಲಿ ಸಿಗುವ ಬಿ.ಸಿ. 547ಬಿ ಟ್ರಾನ್ಸಿಸ್ಟರ್‌ನ ಬೀಟಾ 200ರಿಂದ 450ರವರೆಗೆ ಎಷ್ಟಾದರೂ ಇರಬಹುದು ಎನ್ನುತ್ತದೆ ಡೇಟಾಶೀಟ್. ಸಪ್ಲೈ 12 ವೋಲ್ಟ್, ಬೇಸ್‌ಗೆ 1 ಮೆಗಾ ಓಮ್, ಕಲೆಕ್ಟರ್‌ಗೆ 2.2 ಕಿಲೋ ಓಮ್, ಎಮಿಟರ್ ನೇರ ಗ್ರೌಂಡ್‌ಗೆ. ಬೀಟಾ 200 ಆದರೆ ಕಲೆಕ್ಟರ್–ಎಮಿಟರ್ ನಡುವೆ ಸುಮಾರು 7 ವೋಲ್ಟ್ ಉಳಿಯುತ್ತದೆ. ಸಿಗ್ನಲ್ ಎರಡೂ ಕಡೆಗೆ ಆಡಲು ಸಾಕಷ್ಟು ಜಾಗ. ಅದೇ ಡಬ್ಬಿಯ ಇನ್ನೊಂದು ಟ್ರಾನ್ಸಿಸ್ಟರ್‌ನ ಬೀಟಾ 450 ಇದ್ದರೆ ಉಳಿಯುವುದು 0.8 ವೋಲ್ಟ್, ಅಲೆಯ ಕೆಳಭಾಗ ಕತ್ತರಿಸಿಹೋಗುತ್ತದೆ. ಲೋಡ್ ಲೈನ್ ಎಳೆದರೆ ಬಿಂದು ಜಾರುವುದು ಕಣ್ಣಿಗೇ ಕಾಣುತ್ತದೆ. ಅಷ್ಟು ಸೊಗಸಾದ ಆ ಗೆರೆಯ ಮೇಲೆ ಒಂದೇ ಚುಕ್ಕೆ ಇಟ್ಟು ಮುಗಿಸುವುದು ನಷ್ಟವೇ ಸರಿ.

ಈಗ ವೋಲ್ಟೇಜ್ ಡಿವೈಡರ್ ನೋಡಿ. ಬೇಸ್‌ಗೆ ಮೇಲೆ 47 ಕಿಲೋ ಓಮ್, ಕೆಳಗೆ 10 ಕಿಲೋ ಓಮ್, ಎಮಿಟರ್‌ಗೆ 680 ಓಮ್. ಬೀಟಾ 200 ಇದ್ದಾಗ 6.4 ವೋಲ್ಟ್, 450 ಇದ್ದಾಗ 6.2. ಇದನ್ನು ಥೆವೆನಿನ್ ಪ್ರಕಾರ ಬಿಡಿಸುವುದೇ ನಿಖರ ವಿಧಾನ, ಬೇಸ್ ಕರೆಂಟ್ ಬಿಟ್ಟು ಲೆಕ್ಕ ಹಾಕುವುದು ಬರೀ ಅಂದಾಜು ಎಂದು ತರಗತಿಯಲ್ಲಿ ಕಲಿಸುತ್ತಾರೆ. ಆ ಅಂದಾಜಿಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಇಲ್ಲಿ ಅದು ಕೊಡುವ ಉತ್ತರ 6.05. ಬೇಸ್ ಕರೆಂಟನ್ನು ಮರೆತರೂ ಉತ್ತರ ಹೆಚ್ಚು ಕದಲದಿದ್ದರೆ ಸರ್ಕ್ಯೂಟ್ ಬೀಟಾದ ಹಂಗಿನಲ್ಲಿಲ್ಲ ಎಂದೇ ಅರ್ಥ. ಕೆಟ್ಟ ಬಯಾಸಿಂಗ್‌ನಲ್ಲಿ ಇದೇ ಅಂದಾಜು ದಾರಿ ತಪ್ಪಿಸುತ್ತದೆ. ಅಂದರೆ ಇದು ಉತ್ತರಕ್ಕೆ ಅಡ್ಡದಾರಿಯಷ್ಟೇ ಅಲ್ಲ, ವಿನ್ಯಾಸದ ಪರೀಕ್ಷೆಯೂ ಹೌದು.

ಎಮಿಟರ್ ರೆಸಿಸ್ಟರ್ ಮೇಲೆ ಸಪ್ಲೈನ ಹತ್ತನೇ ಒಂದು ಪಾಲು ಬಿಡಿ ಎಂಬ ಸೂತ್ರವನ್ನೂ ಕಾರಣ ಹೇಳದೆ ಬಾಯಿಪಾಠ ಮಾಡಿಸುವುದುಂಟು. ಕಾರಣ ಬಿಸಿಲಿನಲ್ಲಿದೆ. ಬೇಸ್–ಎಮಿಟರ್ ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. 30 ಡಿಗ್ರಿ ಏರಿದರೆ 60 ಮಿಲಿವೋಲ್ಟ್. ಎಮಿಟರ್‌ನಲ್ಲಿ 1.2 ವೋಲ್ಟ್ ಇದ್ದರೆ ಕರೆಂಟ್ ಏರುವುದು ಶೇ. 5ರಷ್ಟು, 0.2 ವೋಲ್ಟ್ ಮಾತ್ರ ಬಿಟ್ಟಿದ್ದರೆ ಶೇ. 30ರಷ್ಟು.