ಶೇ. 61.1: ಆವರಣದೊಳಗಿನ ಅಂಕಿಗಳನ್ನೂ ಓದೋಣ

ನಮ್ಮ ವಿಭಾಗದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳಿಗೆ 23ನೇ ವಯಸ್ಸಿನಲ್ಲಿ ಕ್ರೋನ್ಸ್ ರೋಗ ಇರುವುದು ಪತ್ತೆಯಾಯಿತು. ಹಾಜರಾತಿಯ ವಿಷಯ ಮಾತನಾಡಲು ಬಂದ ಅವಳ ತಾಯಿ ಪತ್ರಿಕೆಯ ತುಣುಕೊಂದನ್ನು ನನ್ನ ಮುಂದಿಟ್ಟು, "ಸರ್, ಇವಳನ್ನು ಹಾಸ್ಟೆಲ್ಲಿಗೆ ಕಳಿಸಿದ್ದೇ ತಪ್ಪಾಯಿತೇ?" ಎಂದು ಕೇಳಿದರು. ಒಳ್ಳೆಯ ಜೀವನಶೈಲಿಯಿದ್ದರೆ ಈ ರೋಗದ ಅರ್ಧಕ್ಕೂ ಹೆಚ್ಚು ಪ್ರಕರಣಗಳನ್ನು ತಡೆಯಬಹುದು ಎಂದು ಆ ಸುದ್ದಿ ಸಾರುತ್ತಿತ್ತು. ನಾನು ವೈದ್ಯನಲ್ಲ. ಆದರೆ ಅಳತೆ ಮತ್ತು ದೋಷಗಳ ಪಾಠ ಮಾಡುತ್ತ ಬಂದವನು. ಆದ್ದರಿಂದ ಮೂಲ ಲೇಖನವನ್ನೇ ತರಿಸಿ ಓದಿದೆ.

ಕರುಳಿನ ಉರಿಯೂತ ರೋಗ ಎಂಬ ಹೆಸರಿನಲ್ಲಿ ಮುಖ್ಯವಾಗಿ ಎರಡು ರೋಗಗಳಿವೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತವಾದುದು. ಕ್ರೋನ್ಸ್ ರೋಗ ಬಾಯಿಯಿಂದ ಗುದದವರೆಗೆ ಜೀರ್ಣನಾಳದ ಯಾವ ಭಾಗವನ್ನಾದರೂ ಕಾಡಬಹುದು. ಸುದ್ದಿಗೆ ಮೂಲವಾದ ಅಧ್ಯಯನ 'ಗಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2022ರ ಕೊನೆಗೆ ಬೆಳಕು ಕಂಡಿತು. ಅಮೆರಿಕದ ದಾದಿಯರ ಎರಡು ಗುಂಪುಗಳು ಹಾಗೂ ಆರೋಗ್ಯ ವೃತ್ತಿಯ ಪುರುಷರ ಒಂದು ಗುಂಪು, ಒಟ್ಟು ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ದಶಕಗಳ ಕಾಲ ಗಮನಿಸಿದ ಕೆಲಸವಿದು. ರೋಗ ಬರುವ ಮೊದಲೇ ಅವರ ಊಟ, ತೂಕ, ವ್ಯಾಯಾಮ, ಧೂಮಪಾನಗಳ ವಿವರ ಪಡೆಯಲಾಗಿತ್ತು. ರೋಗ ಬಂದ ಮೇಲೆ "ಮೊದಲು ಏನು ತಿನ್ನುತ್ತಿದ್ದಿರಿ?" ಎಂದು ಕೇಳುವ ಅಧ್ಯಯನಗಳಿಗಿಂತ ಇದು ಎಷ್ಟೋ ಮೇಲು. ಯುರೋಪಿನ ಮೂರು ಗುಂಪುಗಳ ಮೇಲೆ ಫಲಿತಾಂಶವನ್ನು ಮತ್ತೆ ಪರೀಕ್ಷಿಸಿರುವುದೂ ಮೆಚ್ಚಬೇಕಾದ ಸಂಗತಿ.

ಈಗ ಅಂಕಿಗಳಿಗೆ ಬರೋಣ. ಆರೋಗ್ಯಕರ ಜೀವನಶೈಲಿ ಪಾಲಿಸಿದ್ದರೆ ಕ್ರೋನ್ಸ್ ಪ್ರಕರಣಗಳಲ್ಲಿ ಶೇ. 61.1ರಷ್ಟನ್ನು ತಡೆಯಬಹುದಿತ್ತು ಎನ್ನುತ್ತದೆ ಲೇಖನ. ಪಕ್ಕದ ಆವರಣದಲ್ಲಿ ಶೇ. 95 ವಿಶ್ವಾಸದ ವ್ಯಾಪ್ತಿಯಿದೆ: 16.8ರಿಂದ 84.9. ಕೊಲೈಟಿಸ್‌ಗೆ 42.2, ವ್ಯಾಪ್ತಿ 1.7ರಿಂದ 70.9. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬ ಇಷ್ಟು ಅಗಲದ ದೋಷದೊಂದಿಗೆ ಉತ್ತರ ತಂದು, ಅದರಲ್ಲೂ ದಶಮಾಂಶದ ಮುಂದೆ ಒಂದು ಅಂಕಿ ಬರೆದಿದ್ದರೆ ನಾವು ಏನನ್ನುತ್ತಿದ್ದೆವು? ಲೇಖಕರು ವ್ಯಾಪ್ತಿಯನ್ನು ಮುಚ್ಚಿಟ್ಟಿಲ್ಲ. ಅದನ್ನು ಕೈಬಿಟ್ಟದ್ದು ಸುದ್ದಿ ಬರೆದವರು.

ಎರಡು ಲಕ್ಷ ಜನರಿದ್ದೂ ವ್ಯಾಪ್ತಿ ಇಷ್ಟು ಅಗಲವೇಕೆ? ಎಣಿಕೆಯ ದೋಷವನ್ನು ನಿರ್ಧರಿಸುವುದು ಭಾಗವಹಿಸಿದವರ ಸಂಖ್ಯೆಯಲ್ಲ, ಘಟನೆಗಳ ಸಂಖ್ಯೆ. 51,17,021 ವ್ಯಕ್ತಿ-ವರ್ಷಗಳಲ್ಲಿ ಕಂಡುಬಂದದ್ದು 346 ಕ್ರೋನ್ಸ್, 456 ಕೊಲೈಟಿಸ್ ಪ್ರಕರಣಗಳು. ಎಲ್ಲ ನಿಯಮಗಳನ್ನೂ ಪಾಲಿಸಿದವರು ಎಲ್ಲಿಯೂ ಕಡಿಮೆಯೇ. ಅವರಲ್ಲಿ ರೋಗ ಬಂದವರು ಇನ್ನೂ ಕಡಿಮೆ. ಉದಾಹರಣೆಗೆ ಅಂಥವರು 9 ಮಂದಿ ಎಂದುಕೊಳ್ಳಿ. 9ರ ವರ್ಗಮೂಲ 3, ಅಂದರೆ ಮೂರನೇ ಒಂದು ಭಾಗದಷ್ಟು ಅನಿಶ್ಚಿತತೆ. ಗೈಗರ್ ಎಣಿಕೆಗಾರನ ಮುಂದೆ ಕುಳಿತವರಿಗೆ ಇದು ಹೊಸದಲ್ಲ.

ಅದೇ ಅಂಕಿಗಳಿಂದ ಇನ್ನೊಂದು ಲೆಕ್ಕವನ್ನು ಓದುಗರೇ ಮಾಡಿ ನೋಡಬಹುದು. ಕ್ರೋನ್ಸ್ ರೋಗ ವರ್ಷಕ್ಕೆ ಲಕ್ಷಕ್ಕೆ ಸುಮಾರು 6.8 ಮಂದಿಗೆ ಬಂದಿದೆ. ಮೂವತ್ತು ವರ್ಷಕ್ಕೆ ಸಾವಿರದಲ್ಲಿ 2. ಶೇ. 61.1 ನಿಜವೇ ಆದರೂ ಆ 2 ಎಂಬುದು 0.8ಕ್ಕೆ ಇಳಿಯುತ್ತದೆ. ಉಳಿದ 998 ಮಂದಿಗೆ ಈ ರೋಗ ಬರಲೇ ಇಲ್ಲ. ರೋಗ ಬಂದವರಲ್ಲಿ ಯಾರದು ಅಭ್ಯಾಸದಿಂದ, ಯಾರದು ಅಲ್ಲ ಎಂದು ಈ ವಿಧಾನ ಹೇಳುವುದೂ ಇಲ್ಲ. ಅರ್ಧಾಯುವಿನಲ್ಲಿ ಅರ್ಧದಷ್ಟು ನ್ಯೂಕ್ಲಿಯಸ್‌ಗಳು ಕ್ಷಯಿಸುತ್ತವೆ ಎನ್ನಬಹುದು, ಯಾವುವು ಎನ್ನಲಾಗದು.

'ತಡೆಯಬಹುದಿತ್ತು' ಎಂಬ ಪದದೊಳಗೆ ಅಭ್ಯಾಸವೇ ಕಾರಣ ಎಂಬ ಊಹೆ ಅಡಗಿದೆ. ಈ ರೋಗಗಳು ಪತ್ತೆಯಾಗುವ ಮುನ್ನ ವರ್ಷಗಟ್ಟಲೆ ಒಳಗೇ ಹೊಗೆಯಾಡಬಹುದು. ಹೊಟ್ಟೆ ನೋಯುವವರು ನಾರಿನ ಪದಾರ್ಥ, ಹಣ್ಣುಗಳನ್ನು ತಾವಾಗಿಯೇ ಬಿಡುತ್ತಾರೆ. ಆಗ ನಾರು ಕಡಿಮೆಯಾದದ್ದು ರೋಗದ ಕಾರಣವೋ, ರೋಗದ ಫಲವೋ? ಇನ್ನು ಶೇಕಡಾವಾರುಗಳನ್ನು ಕೂಡಿಸುವ ಚಪಲ. 'ಜೀವನಶೈಲಿ ಶೇ. 61, ಹಾಗಾದರೆ ಆನುವಂಶಿಕತೆ ಶೇ. 39' ಎಂದು ಸಹೋದ್ಯೋಗಿಯೊಬ್ಬರು ಥಟ್ಟನೆ ಹೇಳಿದರು. ಕಬ್ಬಿಣ ತುಕ್ಕು ಹಿಡಿಯಲು ನೀರೂ ಬೇಕು, ಆಕ್ಸಿಜನ್ನೂ ಬೇಕು. ಯಾವುದನ್ನು ತೆಗೆದರೂ ತುಕ್ಕನ್ನು ಶೇ. 100 ತಡೆದಂತೆ. ಎರಡನ್ನೂ ಕೂಡಿಸಿದರೆ 200!

ಧೂಮಪಾನದ ಕಥೆಯಂತೂ ಜೀವನಶೈಲಿ ಎಂಬ ಒಂದೇ ಪದವನ್ನು ಎಲ್ಲದಕ್ಕೂ ಬಳಸುವವರಿಗೆ ತೊಡಕು. ಸಿಗರೇಟು ಸೇದುವವರಲ್ಲಿ ಕ್ರೋನ್ಸ್ ಹೆಚ್ಚು. ಆದರೆ ಕೊಲೈಟಿಸ್ ರೋಗಿಗಳಲ್ಲಿ ಸೇದುವವರು ಕಡಿಮೆ ಎಂದು 1982ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕಾರ್ಡಿಫ್‌ನ ವೈದ್ಯರು ವರದಿ ಮಾಡಿದರು. 2006ರ ಒಂದು ಸಮಗ್ರ ವಿಶ್ಲೇಷಣೆಯಲ್ಲಿ ಸೇದುವವರ ಆಡ್ಸ್ ಅನುಪಾತ ಕ್ರೋನ್ಸ್‌ಗೆ 1.76, ಕೊಲೈಟಿಸ್‌ಗೆ 0.58. ಸೇದುವುದನ್ನು ಬಿಟ್ಟವರಲ್ಲಿ ಕೊಲೈಟಿಸ್‌ಗೆ ಅದು 1.79. 1994ರಲ್ಲಿ 72 ರೋಗಿಗಳ ಮೇಲೆ ನಿಕೋಟಿನ್ ಪಟ್ಟಿಯ ಪ್ರಯೋಗವೇ ನಡೆದು ಸ್ವಲ್ಪ ಗುಣ ಕಂಡಿತು. ಇದನ್ನು ಓದಿ ಯಾರೂ ಬೀಡಿ ಹಚ್ಚಬೇಕಿಲ್ಲ. ಹೃದಯ, ಶ್ವಾಸಕೋಶಗಳ ಲೆಕ್ಕ ಬೇರೆಯೇ ಇದೆ. ಎರಡು ರೋಗಗಳಲ್ಲಿ ಒಂದೇ ಅಭ್ಯಾಸ ತದ್ವಿರುದ್ಧ ದಿಕ್ಕಿಗೆ ಎಳೆಯುವುದೇಕೆ ಎಂಬುದಕ್ಕೆ ತೃಪ್ತಿಕರ ಉತ್ತರ ಇನ್ನೂ ಸಿಕ್ಕಿಲ್ಲ.

ಆ ತಾಯಿಗೆ ನಾನು ಹೇಳಿದ್ದಿಷ್ಟು. "ಅಮ್ಮಾ, ಈ ಲೇಖನದ ಅಮೆರಿಕದ ಗುಂಪುಗಳಲ್ಲಿ ಎಲ್ಲರಿಗಿಂತ ಚಿಕ್ಕವರಿಗೂ ಎಣಿಕೆ ಶುರುವಾದಾಗ 27 ದಾಟಿತ್ತು. ಹೆಚ್ಚಿನವರು ನಲವತ್ತು ಕಳೆದವರು. ನಿಮ್ಮ ಮಗಳ ವಯಸ್ಸಿನವರು ಇದರಲ್ಲಿ ಇಲ್ಲವೇ ಇಲ್ಲ." ಈ ರೋಗಗಳು ಹೆಚ್ಚಾಗಿ ಶುರುವಾಗುವುದು 15ರಿಂದ 35ರೊಳಗೆ ಎಂಬುದನ್ನು ನೆನೆದರೆ ಇದು ಸಣ್ಣ ಕೊರತೆಯಲ್ಲ.

ನಮ್ಮ ದೇಶದ ಮಾಹಿತಿ ಇನ್ನೂ ತೆಳು. ಪಂಜಾಬಿನಲ್ಲಿ 51,910 ಜನರನ್ನು ತಪಾಸಣೆ ಮಾಡಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಕೊಲೈಟಿಸ್ ಇದ್ದವರು 23 ಮಂದಿ, ಲಕ್ಷಕ್ಕೆ 44.3. ವರ್ಗಮೂಲದ ನಿಯಮದಂತೆ ಸುಮಾರು ಶೇ. 20 ದೋಷ. ಕ್ರೋನ್ಸ್ ವಿಷಯದಲ್ಲಿ ಮತ್ತೊಂದು ತೊಡಕು: ಕರುಳಿನ ಕ್ಷಯ ನೋಡಲು ಅದರಂತೆಯೇ ಇರುತ್ತದೆ. ಎಷ್ಟೋ ರೋಗಿಗಳಿಗೆ ಮೊದಲು ತಿಂಗಳುಗಟ್ಟಲೆ ಕ್ಷಯದ ಔಷಧಿ ಕೊಟ್ಟು ನೋಡಬೇಕಾಗುತ್ತದೆ. ಎಣಿಸಬೇಕಾದ ರೋಗವನ್ನೇ ಖಚಿತವಾಗಿ ಗುರುತಿಸುವುದು ಇಷ್ಟು ಕಷ್ಟವಿರುವಲ್ಲಿ, ಬೋಸ್ಟನ್ನಿನಲ್ಲಿ ಲೆಕ್ಕ ಹಾಕಿದ 61.1ನ್ನು ನಮ್ಮ ಹಾಸ್ಟೆಲಿನ ಊಟಕ್ಕೆ ಅನ್ವಯಿಸಲು ಯಾವ ಆಧಾರವೂ ಇಲ್ಲ.