ಮರಳಿನಡಿಯ ಮರದ ಓಲೆಗಳು

ಬೆಣೆಯಾಕಾರದ ಎರಡು ಮರದ ಹಲಗೆಗಳು. ಒಂದು ತುದಿ ಚೂಪು, ಇನ್ನೊಂದು ಚೌಕ. ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂರುತ್ತವೆ. ಕೆಳಹಲಗೆಯ ಒಳಮೈಯಲ್ಲಿ ಮಸಿಯ ಬರಹ. ಜಾಗ ಸಾಲದಿದ್ದರೆ ಮೇಲ್ಹಲಗೆಯ ಒಳಮೈಗೂ ಸಾಲುಗಳು ಹರಿಯುತ್ತವೆ. ಹೊರಗೆ ವಿಳಾಸ. ಮೇಲ್ಹಲಗೆಯಲ್ಲೊಂದು ಚೌಕ ಗುಳಿ ಕೊರೆದು, ಅದಕ್ಕೆ ಮೂರು ಕಚ್ಚು ಹಾಕಿದ್ದಾರೆ. ದಾರ ಆ ಕಚ್ಚುಗಳಲ್ಲಿ ಬಿಗಿಯಾಗಿ ಕೂತು ಗುಳಿಯನ್ನು ದಾಟುತ್ತದೆ. ಮೇಲೆ ಜೇಡಿಮಣ್ಣು ಮೆತ್ತಿ ಮುದ್ರೆ ಒತ್ತಿದರೆ ಪತ್ರ ಭದ್ರ. ಒಯ್ಯುವವನು ಕದ್ದು ಓದುವಂತಿಲ್ಲ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಚೆಲುವಾದ ಲಕೋಟೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಕ್ಲಾಮಕಾನ್ ಮರುಭೂಮಿಯ ದಕ್ಷಿಣದಂಚಿನ ನಿಯಾದಲ್ಲಿ, 1901ರಲ್ಲಿ, ಪುರಾತತ್ತ್ವಜ್ಞ ಆರೆಲ್ ಸ್ಟೈನ್ ಮರಳು ಸರಿಸಿದಾಗ ಸಿಕ್ಕ ಓಲೆಗಳಿವು. ಕ್ರಿಸ್ತಶಕ 3-4ನೇ ಶತಮಾನದಲ್ಲಿ ಈ ಊರಿನ ಹೆಸರು ಚಡೋತ. ಶಾನ್‌ಶಾನ್ ರಾಜ್ಯದ ಪಡುವಣ ಗಡಿ, ಆಚೆಗೆ ಖೋತನ್ ರಾಜ್ಯ. ಮಣ್ಣಿನ ಮುದ್ರೆಗಳನ್ನು ಭೂತಗನ್ನಡಿಯಲ್ಲಿ ನೋಡುವುದು ಇನ್ನೊಂದು ಸುಖ. ಕೆಲವುಗಳಲ್ಲಿ ಗುರಾಣಿ ಹಿಡಿದು ನಿಂತ ಗ್ರೀಕರ ದೇವತೆ ಅಥೇನಾ. ಒಂದು ಓಲೆಯಲ್ಲಂತೂ ಚೀನೀ ಅಕ್ಷರದ ಮುದ್ರೆಯ ಪಕ್ಕದಲ್ಲೇ ಪಾಶ್ಚಾತ್ಯ ಶೈಲಿಯ ಮುಖಚಿತ್ರ. ಒಳಗಿನ ಭಾಷೆ ಗಾಂಧಾರದ ಪ್ರಾಕೃತ, ಲಿಪಿ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ. ನಮ್ಮ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಬರೆದ ಚಪಡನು, ತಾನು ಲಿಪಿಕಾರನೆಂದು ಕೊನೆಗೆ ಹೇಳಿಕೊಳ್ಳುವಾಗ ಬಳಸಿದ್ದೂ ಇದೇ ಲಿಪಿಯನ್ನು. ತೆಂಕಣದ ಬಂಡೆಗೂ ಮಧ್ಯ ಏಷ್ಯಾದ ಮರದ ತುಂಡಿಗೂ ಇಂಥದೊಂದು ನಂಟಿದೆಯೆಂಬುದು ನನಗೆ ಹೆಮ್ಮೆಯ ಸಂಗತಿ.

ರೇಷ್ಮೆದಾರಿ ಎಂದೊಡನೆ ಒಂಟೆಗಳ ಮುಗಿಯದ ಸಾಲು ಕಣ್ಣಮುಂದೆ ಬರುತ್ತದೆ. ಓಲೆಗಳು ತೋರಿಸುವ ಲೋಕ ಅದಕ್ಕಿಂತ ಚಿಕ್ಕದು, ಅದಕ್ಕೇ ಹೆಚ್ಚು ಆಪ್ತ. ಅರಸನಿಗೆ ಸಲ್ಲಬೇಕಾದ ದ್ರಾಕ್ಷಾರಸ, ಒಂಟೆಯ ಜಗಳ, ಹೊಲದ ಕ್ರಯ, ರೇಷ್ಮೆಯ ಸುರುಳಿಗಳಲ್ಲಿ ಕಟ್ಟಬೇಕಾದ ದಂಡ. ಒಂದರಲ್ಲಿ ರೇಷ್ಮೆ ಸಾಲದ ವ್ಯಾಜ್ಯ ಬಂದಿದೆ. ಈಗ ಚೀನಾದ ವರ್ತಕರಿಲ್ಲ, ಅವರು ಬಂದ ಮೇಲೆ ವಿಚಾರಿಸೋಣ ಎಂಬರ್ಥದ ಆಜ್ಞೆ ಅದರಲ್ಲಿದೆ. ರೇಷ್ಮೆಯ ವಿಷಯ ತಿಳಿದವರು ಯಾವಾಗ ಬಂದಾರೋ, ಅಲ್ಲಿಯವರೆಗೆ ಗಡಿಯೂರಿನ ನ್ಯಾಯವೂ ಕಾಯಬೇಕು! ದೂರದ ವ್ಯಾಪಾರದ ಮೇಲೆ ನಿಂತ ಬದುಕಿನ ಆತಂಕವೆಲ್ಲ ಆ ಕೆಲವು ಸಾಲುಗಳಲ್ಲಿ ತುಂಬಿಕೊಂಡಿದೆ.

ಆದರೂ ಬಂದ ರೇಷ್ಮೆ ಎಂಥದು! 1995ರಲ್ಲಿ ಇಲ್ಲಿನ ಗೋರಿಯೊಂದರಲ್ಲಿ ಬಿಲ್ಲುಗಾರನ ತೋಳುಪಟ್ಟಿ ಸಿಕ್ಕಿತು. ನೀಲಿಯ ನಡುವೆ ಕೆಂಪು, ಹಳದಿ, ಹಸಿರು, ಬಿಳಿ. ಹಕ್ಕಿ, ಮೃಗ, ಮೋಡ. ನಡುನಡುವೆ ಪಂಚಗ್ರಹಗಳ ಶುಭಶಕುನ ಸಾರುವ ಚೀನೀ ಅಕ್ಷರಗಳನ್ನು ನೇಯ್ಗೆಯಲ್ಲೇ ಮೂಡಿಸಿದ್ದಾರೆ. ಬಣ್ಣ ಇನ್ನೂ ಮಾಸಿಲ್ಲ.

ಚಡೋತ ಕೊನೆಗೆ ಪಾಳುಬಿತ್ತು. ಸುಪಿಗಳೆಂಬವರ ದಾಳಿಯ ಭಯ ಹಲವು ಓಲೆಗಳಲ್ಲಿ ಇಣುಕುತ್ತದೆ. ನಿಯಾ ನದಿಯ ನೀರು ಇಂದು ಈ ಪಾಳಿನವರೆಗೆ ಬರುವುದೇ ಇಲ್ಲ, ದಕ್ಷಿಣದಲ್ಲೇ ಮರಳಿಗೆ ಇಂಗುತ್ತದೆ. ಸ್ಟೈನ್ ಕಂಡ ತೋಟಗಳಲ್ಲಿ ಹಿಪ್ಪುನೇರಳೆ, ಪೀಚ್, ಜರ್ದಾಲು ಮರಗಳ ಒಣಗಿದ ಬೊಡ್ಡೆಗಳು ನೆಟ್ಟ ಸಾಲಿನಲ್ಲೇ ನಿಂತಿದ್ದವು. ಬತ್ತಿದ ಹೊಳೆಯ ಮೇಲೆ ಕಾಲುಸಂಕವೂ ಇತ್ತು.

ನನಗೆ ಎಲ್ಲಕ್ಕಿಂತ ಪ್ರಿಯವಾದ ಓಲೆ ಮರಗಳದ್ದೇ. ಒಬ್ಬರ ಜಮೀನಿನ ಮರಗಳನ್ನು ಇನ್ನೊಬ್ಬರು ಕಡಿದು ಮಾರಿದರೆಂಬ ದೂರು ಅರಸನವರೆಗೆ ಹೋಗಿದೆ. ಅರಸ ಹಳೆಯ ಕಟ್ಟಳೆಯನ್ನು ಎತ್ತಿ ಹೇಳುತ್ತಾನೆ: ಜೀವಂತ ಮರವನ್ನು ಬುಡಸಮೇತ ಕಡಿದವನಿಗೆ ದಂಡ ಒಂದು ಕುದುರೆ, ಕೊಂಬೆ ಕಡಿದವನಿಗೆ ಒಂದು ಹಸು. ಮರುಭೂಮಿಯ ಬಾಯಲ್ಲಿ ಕೂತ ಊರು ತನ್ನ ಒಂದೊಂದು ಮರಕ್ಕೂ ಹೀಗೆ ಬೆಲೆ ಕಟ್ಟಿತ್ತು.