ಎರಿ ಮಣ್ಣಿನ ಒಡ್ಡು

ಮೇ ತಿಂಗಳ ಕೊನೆಗೆ ಶರಣಸಿರಸಗಿ ಕಡೆಯ ಎರಿ ಹೊಲದಲ್ಲಿ ನಿಂತರೆ ನೆಲದ ಬಿರುಕಿನೊಳಗೆ ಮುಂಗೈ ತೂರಿಸಬಹುದು. ಅದೇ ಮಣ್ಣು ಆಷಾಢದಲ್ಲಿ ಹಿಗ್ಗಿ, ಬಿರುಕು ಮುಚ್ಚಿ, ಚಪ್ಪಲಿಯನ್ನು ಕಾಲಿನಿಂದ ಕಿತ್ತುಕೊಳ್ಳುತ್ತದೆ. ವರ್ಷಕ್ಕೊಮ್ಮೆ ಹೀಗೆ ಉಸಿರೆಳೆದು ಬಿಡುವ ಮಣ್ಣನ್ನು ಹಳ್ಳಕ್ಕೆ ಅಡ್ಡ ಪೇರಿಸಿ, ಅದರ ಹಿಂದೆ ನೀರು ನಿಲ್ಲಿಸಲು ಎಂಥ ಧೈರ್ಯ ಬೇಕು! ತೊಗರಿ ಹೊಲದ ನಡುವೆ ಒಬ್ಬ ರೈತ ತನ್ನ ಖರ್ಚಿನಲ್ಲಿ ಕಟ್ಟಿಕೊಂಡ, ಎರಡಾಳು ಎತ್ತರದ ಒಡ್ಡು ಕಂಡಾಗಲೆಲ್ಲ ನಾನು ದಾರಿ ಬಿಟ್ಟು ಅದರ ಮೇಲೊಮ್ಮೆ ನಡೆದು ಬರುತ್ತೇನೆ.

ಮೊದಲು ನೋಡುವುದು ಅದರ ನೆತ್ತಿಯ ಗೆರೆಯನ್ನು. ಸಂಜೆ ಬಿಸಿಲು ಅಡ್ಡ ಬೀಳುವಾಗ ಒಡ್ಡಿನ ಒಂದು ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಇನ್ನೊಂದು ತುದಿಗೆ ಕಣ್ಣು ನೆಟ್ಟರೆ ಕಾಣುತ್ತದೆ: ಒಳ್ಳೆಯ ಒಡ್ಡು ಮಟ್ಟಸವಾಗಿರುವುದಿಲ್ಲ, ನಡುವೆ ತುಸುವೇ ಉಬ್ಬಿರುತ್ತದೆ. ಹಳ್ಳದ ಪಾತ್ರ ಆಳವಾಗಿರುವ ಕಡೆ ಮಣ್ಣು ಹೆಚ್ಚು, ಹೆಚ್ಚು ಮಣ್ಣು ಹೆಚ್ಚು ಕುಸಿಯುತ್ತದೆ. ಮುಂದೆ ಕುಸಿಯುವುದನ್ನು ಮೊದಲೇ ಎಣಿಸಿ ಕೊಟ್ಟ ಉಬ್ಬು ಅದು. ಕಟ್ಟಿದವನ ದೂರದೃಷ್ಟಿ ಅಲ್ಲಿ ಗೆರೆಯಾಗಿ ನಿಂತಿರುತ್ತದೆ. ಅದೇ ಗೆರೆ ನಡುವೆ ಜೋತು ಬಿದ್ದಿದ್ದರೆ ನನ್ನ ಎದೆ ಜಗ್ಗುತ್ತದೆ, ಏಕೆಂದರೆ ನೀರು ಮೇಲೇರಿದ ದಿನ ಮೊದಲು ಹಾಯುವುದು ಅಲ್ಲಿಂದಲೇ.

ಆಮೇಲೆ ಇಳಿಜಾರು. ಒಂದು ಅಡಿ ಎತ್ತರಕ್ಕೆ ನೀರಿನ ಕಡೆ ಮೂರು ಅಡಿ, ಹೊರಗಡೆ ಎರಡು ಅಡಿ ಇಳಿಬಿಡುವುದು ರೂಢಿ. ನೀರು ಬೇಗ ಇಳಿದಾಗ ನೆಂದ ಎರಿಮಣ್ಣು ಜಾರುತ್ತದೆ, ಅದಕ್ಕೇ ಒಳಬದಿಗೆ ಮಲಗಿದಂಥ ಆ ನಿಧಾನ. ಬರಿ ಎರಿಮಣ್ಣನ್ನು ಬಿಸಿಲಿಗೆ ಬಿಟ್ಟ ಒಡ್ಡು ಮೈಯೆಲ್ಲ ಸೀಳುತ್ತದೆ, ಮೊದಲ ಮಳೆಯ ನೀರು ಆ ಸೀಳಿನಲ್ಲೇ ದಾರಿ ಮಾಡಿಕೊಳ್ಳುತ್ತದೆ. ತಿಳಿದವರು ಎರಿಮಣ್ಣನ್ನು ಹೊಟ್ಟೆಯೊಳಗಿಟ್ಟು ಮೇಲೆ ಮಡ್ಡಿಯ ಗರಸಿನ ಕವಚ ತೊಡಿಸುತ್ತಾರೆ. ಒಂದೊಂದು ಗೇಣು ಪದರ ಹಾಕಿ, ಹದವಾಗಿ ನೀರು ಚಿಮುಕಿಸಿ, ತುಳಿಸಿ, ಮತ್ತೊಂದು ಪದರ. ಗರಸಿನ ಮೇಲೆ ಕರಕಿ ಹಬ್ಬಿತೆಂದರೆ ಒಡ್ಡಿಗೆ ಮೈ ತುಂಬಿತು. ದನ ಮೇಯ್ದು ಗಿಡ್ಡವಾದ ಕರಕಿ ನೋಡಲೂ ಚಂದ. ಇಲಿ ಬಿಲ, ಏಡಿ ತೂತು, ಗೆದ್ದಲ ಗೂಡು ಏನಿದ್ದರೂ ಅದರಲ್ಲಿ ಅಡಗುವುದಿಲ್ಲ. ಒಡ್ಡಿನ ಮೇಲೆ ಜಾಲಿ ಬೆಳೆದಿದ್ದರೆ ಮಾತ್ರ ನನಗೆ ಆ ಹಸಿರು ಹಿಡಿಸದು. ಮರ ಸತ್ತ ಮೇಲೆ ಬೇರು ಕೊಳೆತು, ಒಡ್ಡಿನೊಳಗೆ ಕೊಳವೆಯಂಥ ಟೊಳ್ಳು ಉಳಿಯುತ್ತದೆ.

ನಾನು ಹೆಚ್ಚು ಹೊತ್ತು ಕೂಡುವುದು ಹೊರಗಡೆಯ ಬುಡದಲ್ಲಿ. ಮಣ್ಣಿನ ಒಡ್ಡು ಜಿನುಗದೆ ಇರದು. ಪ್ರಶ್ನೆ ಇರುವುದು ಜಿನುಗುವ ನೀರಿನ ಬಣ್ಣದಲ್ಲಿ. ತಿಳಿಯಾಗಿದ್ದು, ದಿನದಿಂದ ದಿನಕ್ಕೆ ಅಷ್ಟೇ ಇದ್ದರೆ ನೀರು ಮಾತ್ರ ಹೊರಬರುತ್ತಿದೆ. ಕದಡಿ ಬಂದರೆ, ಅಥವಾ ಧಾರೆ ದಪ್ಪವಾದರೆ, ಒಡ್ಡು ತನ್ನನ್ನೇ ಕಣಕಣವಾಗಿ ಹೊರಗೆ ಕಳಿಸುತ್ತಿದೆ ಎಂದರ್ಥ. ಗಾಬರಿಯಲ್ಲಿ ಆ ಬಾಯಿಗೆ ಜೇಡಿಮಣ್ಣು ಮೆತ್ತುವವರಿದ್ದಾರೆ. ಅದು ತಪ್ಪು, ತಡೆದ ನೀರು ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಅಲ್ಲಿ ಮೊದಲು ಉಸುಕು, ಅದರ ಮೇಲೆ ಸಣ್ಣ ಕಡಿ, ಅದರ ಮೇಲೆ ಕಲ್ಲು ಪೇರಿಸಬೇಕು. ನೀರಿಗೆ ಹೋಗಲು ಬಿಡುತ್ತದೆ, ಮಣ್ಣನ್ನು ಹಿಡಿದಿಡುತ್ತದೆ. ಇಷ್ಟು ಸರಳವಾದ, ಇಷ್ಟು ಸೊಗಸಾದ ಯುಕ್ತಿ ಕಟ್ಟಡ ವಿದ್ಯೆಯಲ್ಲಿ ಮತ್ತೊಂದಿದೆಯೇ? ಆಮೇಲೆ ನೆನಪಾಗಿ ಒಡ್ಡು ಅಗೆದು ಪೈಪು ಹೂತಿದ್ದರೆ ಅದರ ಬಾಯಿಯ ಸುತ್ತ ಬೆರಳಾಡಿಸಿ ನೋಡುತ್ತೇನೆ. ಪೈಪಿನ ನಯವಾದ ಮೈಯುದ್ದಕ್ಕೂ ನೀರು ಕಳ್ಳದಾರಿ ಹಿಡಿಯುವುದು ಬಲು ಬೇಗ.

ಕೋಡಿಯ ಮಾತು ಹೇಳಲೇಬೇಕು. 2020ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯ ಮೇಲೆ ಮಳೆ ಸುರಿದು ಭೀಮೆ ಊರೂರಿಗೆ ನುಗ್ಗಿದ್ದನ್ನು ಕಂಡವರಿಗೆ, ಒಡ್ಡಿನ ಜೀವ ಅದರ ಕೋಡಿಯಲ್ಲಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ಕೋಡಿಯನ್ನು ಒಡ್ಡಿನ ಮೇಲೆ ಕಡಿಯದೆ, ಪಕ್ಕದ ಗಟ್ಟಿ ಮಡ್ಡಿಯಲ್ಲಿ ಅಗಲವಾಗಿ ಬಿಟ್ಟಿದ್ದರೆ ನನಗೆ ಅಲ್ಲೇ ಕೈಮುಗಿಯಬೇಕೆನಿಸುತ್ತದೆ. ಎರಡು ಮೂಟೆ ತೊಗರಿ ಬೆಳೆಯುವ ಜಾಗವನ್ನು, ಹತ್ತು ವರ್ಷಕ್ಕೊಮ್ಮೆ ಬರುವ ನೀರಿಗಾಗಿ ಒಬ್ಬ ಬಡ ರೈತ ಖಾಲಿ ಬಿಟ್ಟಿರುತ್ತಾನೆ. ಕೆಳಗಿನ ಹೊಲದವನ ಮೇಲಿನ ಕಾಳಜಿ ಅದು.

ಕಮಲಾಪುರ ತಾಲ್ಲೂಕಿನ ಬೆಳಕೋಟಾದಲ್ಲಿ ಗಂಡೋರಿ ನಾಲಾಕ್ಕೆ ಕಟ್ಟಿದ ಸರ್ಕಾರಿ ಏರಿಯನ್ನು ನೋಡಿಕೊಳ್ಳಲು ಇಲಾಖೆಯಿದೆ, ಎಂಜಿನಿಯರರಿದ್ದಾರೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಹಿಡಿಯುವುದು 15 ಮೀಟರಿಗಿಂತ ಎತ್ತರದವನ್ನು, ಕೆಲವು ಷರತ್ತಿನ ಮೇಲೆ 10 ಮೀಟರಿನವರೆಗೂ. ಹೊಲದ ಒಡ್ಡಿಗೆ ಒಡೆಯನ ಕಣ್ಣೇ ಕಾಯ್ದೆ. ಹಿಂದಿನವರು ಈ ಕಣ್ಣನ್ನು ಶಾಸ್ತ್ರವನ್ನಾಗಿ ಬರೆದಿಟ್ಟರು. ವಿಜಯನಗರದ ರಾಜಕುಮಾರ ಭಾಸ್ಕರ ಕಟ್ಟಿಸಿದ ಪೋರುಮಾಮಿಳ್ಳ ಕೆರೆಯ 1369ರ ಶಾಸನ ಕೆರೆಗೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಿಂದ ನೀರು ಒಸರುವುದು ಆ ಆರರಲ್ಲೊಂದು. ನಮಗೆ ಇನ್ನೂ ಹತ್ತಿರದವನು ಸೊನ್ನಲಿಗೆಯ ಸಿದ್ಧರಾಮ. ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸುತ್ತಿದ್ದ ಅವನನ್ನು ಅಲ್ಲಮಪ್ರಭು ಒಡ್ಡರಾಮನೆಂದು ಕೂಗಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಆತ್ಮವನ್ನು ಮರೆತು ಮಣ್ಣು ಹೊರುತ್ತಿದ್ದೀಯೆಂದು ಎಚ್ಚರಿಸುವ ಕೂಗು ಅದು. ಆದರೂ ಕೆಂಪು ಗರಸು ಹೊತ್ತು ಒಡ್ಡಿನ ಸೀಳು ತುಂಬುವವರನ್ನು ಕಂಡಾಗ ನನಗೆ ಆ ಹೆಸರು ಬಿರುದಿನಂತೆ ಕೇಳಿಸುತ್ತದೆ.

ಹೋದ ಸಲ ಹಿಂಗಾರಿನ ಮಳೆ ನಿಂತ ಮರುದಿನ ಅಂಥದೊಂದು ಒಡ್ಡಿನ ಬುಡದಲ್ಲಿ ಕೂತಿದ್ದೆ. ಕೋಡಿ ಗೇಣುದ್ದ ನೀರಿನಲ್ಲಿ ಹರಿಯುತ್ತಿತ್ತು. ಹೊಲದವನು ಕಲ್ಲುಗಳ ಸಂದಿಯಿಂದ ಜಿನುಗುತ್ತಿದ್ದ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು, ಬಿಸಿಲಿಗೆ ಎತ್ತಿ ನೋಡಿದ. ನನ್ನ ಕೈಗೂ ಕೊಟ್ಟ. ಬಾಟಲಿಯ ಆಚೆ ಅವನ ಹೊಲದ ತೊಗರಿ ಹೂವು ಹಳದಿಯಾಗಿ ಕಾಣುತ್ತಿತ್ತು.